ಮನೆಯ ನಕ್ಷೆ ಯಾರು ಬರೆಯಬೇಕು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುವ ಗಾದೆಯಲ್ಲಿ ಮೊದಲ ಸ್ಥಾನ ಮನೆಗೇ. ಜೀವಮಾನದ ಉಳಿತಾಯ ಹಾಕಿ 30x40 ಅಡಿಯ ಸೈಟು ಕೊಂಡವರನ್ನು ಕಾಡುವ ಮೊದಲ ಪ್ರಶ್ನೆ: ಆರ್ಕಿಟೆಕ್ಟ್ ಬೇಕೇ, ನಾವೇ ನಕ್ಷೆ ಬರೆದರೆ ಸಾಲದೇ?

ಮೊದಲು ನೀವೇ ಬರೆಯಿರಿ. ಮಕ್ಕಳಿಗೇ ವಹಿಸಿದರೆ ಇನ್ನೂ ಒಳ್ಳೆಯದು. ಗ್ರಾಫ್ ಹಾಳೆಯ ಒಂದು ಚೌಕಕ್ಕೆ ಒಂದು ಅಡಿ. 1,200 ಚದರ ಅಡಿಯಲ್ಲಿ ಸುತ್ತ ಬಿಡಬೇಕಾದ ಜಾಗ ಕಳೆಯಿರಿ. ಒಂಬತ್ತು ಅಂಗುಲದ ಹೊರಗೋಡೆಗಳೂ ಜಾಗ ತಿನ್ನುತ್ತವೆ. ಇನ್ನು ಮೆಟ್ಟಿಲು. 10 ಅಡಿ ಎತ್ತರದ ಮಹಡಿಗೆ ಆರಾರು ಅಂಗುಲದಂತೆ 20 ಸಲ ಕಾಲೆತ್ತಬೇಕು. ನಡುವೆ ತಿರುವು ಕೊಟ್ಟರೆ ಒಂದು ಸಾಲಿಗೆ 10. ಹತ್ತನೆಯದು ಲ್ಯಾಂಡಿಂಗ್ ಆದ್ದರಿಂದ ಮೆಟ್ಟಿಲು 9. ಪಾದ ಊರಲು ತಲಾ 10 ಅಂಗುಲವೆಂದರೆ ಏಳೂವರೆ ಅಡಿ. ಲ್ಯಾಂಡಿಂಗ್‌ನ 3 ಅಡಿ ಸೇರಿ ಹತ್ತೂವರೆ. ಎರಡು ಸಾಲಿಗೆ ಅಗಲ 6 ಅಡಿ. ಒಂದು ಸಣ್ಣ ಅಡುಗೆಮನೆಯಷ್ಟು ಜಾಗ ಹೋಯಿತು!

ಆರ್ಕಿಟೆಕ್ಟರ ವಿದ್ಯೆ ಬೇಕಾಗುವುದು ಇಲ್ಲಿ. ಪಶ್ಚಿಮದ ಗೋಡೆ ಸಂಜೆಬಿಸಿಲಿಗೆ ಕಾದು ರಾತ್ರಿ ಮಲಗುವ ಕೋಣೆಯನ್ನು ಬೇಯಿಸಬಾರದು. ಗಾಳಿ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗಬೇಕು. ಬಚ್ಚಲು, ಅಡುಗೆಮನೆಗಳ ಕೊಳವೆ ಹತ್ತಿರವಿರಬೇಕು. ಇವೆಲ್ಲವನ್ನೂ ಒಟ್ಟಿಗೆ ಹೊಂದಿಸಬೇಕು. ಅದನ್ನು ಕಲಿಸುವ ಬಿ.ಆರ್ಕ್. ಪದವಿಗೆ ಐದು ವರ್ಷ. 1972ರ ಕಾಯ್ದೆಯಂತೆ, ಆರ್ಕಿಟೆಕ್ಚರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರೇ ‘ಆರ್ಕಿಟೆಕ್ಟ್’ ಎಂದು ಹೇಳಿಕೊಳ್ಳಬಹುದು. ಗಣಿತ, ಚಿತ್ರ ಎರಡೂ ಇಷ್ಟವಾಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕಂಬ, ತೊಲೆಗಳ ಬಲದ ಲೆಕ್ಕ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರರದು.

ಫೀಸು ದಂಡವೆನ್ನುವವರು ಕೇರಳದ ಲಾರಿ ಬೇಕರ್ (1917–2007) ಅವರನ್ನು ನೆನೆಯಬೇಕು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಅವರು ಜನಪ್ರಿಯಗೊಳಿಸಿದರು. ಇದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ.

ಆದರೆ ಅಜ್ಜಿಯ ಮಂಡಿನೋವು, ಪರೀಕ್ಷೆಗೆ ಓದುವವರಿಗೆ ಬೇಕಾದ ಸದ್ದಿಲ್ಲದ ಮೂಲೆ, ಹಪ್ಪಳಕ್ಕೆ ಬೇಕಾದ ಬಿಸಿಲು ಯಾವ ಆರ್ಕಿಟೆಕ್ಟರಿಗೂ ತಾನಾಗಿ ತಿಳಿಯದು. ಮನೆಮಂದಿಯೆಲ್ಲ ಕೂತು ಪಟ್ಟಿ ಮಾಡಿ. ಆ ಪಟ್ಟಿ, ಮಕ್ಕಳ ಗ್ರಾಫ್ ಹಾಳೆ ಎರಡನ್ನೂ ಹಿಡಿದೇ ಆರ್ಕಿಟೆಕ್ಟರ ಬಳಿಗೆ ಹೋಗಿ. ಫೀಸು ಎಷ್ಟು, ಕೆಲಸ ನಡೆಯುವಾಗ ಎಷ್ಟು ಸಲ ಬಂದು ನೋಡುತ್ತಾರೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಹಾಳೆಯ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಗೋಡೆ ಎದ್ದ ಮೇಲೆ ಸುತ್ತಿಗೆಯೇ ಬೇಕು.