ಜಟಿಂಗ ರಾಮೇಶ್ವರಕ್ಕೆ ರೋಪ್‌ವೇ ಬರಲಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಶಾಸನವೂ ದೇವಾಲಯವೂ ಬೆಟ್ಟದ ಮೇಲಿವೆ. ಮೆಟ್ಟಿಲು ಹತ್ತಲಾಗದ ವೃದ್ಧರು, ಅಂಗವಿಕಲರು ಬುಡದಲ್ಲೇ ಕೈಮುಗಿದು ಮರಳಬೇಕಾಗಿದೆ.

ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿ ವರ್ಲ್ಡ್ 2019ರಿಂದ ತನ್ನ ರೆಸಾರ್ಟ್ ಮತ್ತು ಪಾರ್ಕುಗಳ ನಡುವೆ ಪ್ರವಾಸಿಗರನ್ನು ಕೇಬಲ್ ಕಾರಿನಲ್ಲಿ ಕರೆದೊಯ್ಯುತ್ತಿದೆ. ಅಶೋಕನ ಶಾಸನವಿರುವ ಗುಜರಾತಿನ ಗಿರ್ನಾರ್ ಬೆಟ್ಟಕ್ಕೂ 2020ರಲ್ಲಿ ರೋಪ್‌ವೇ ಬಂದಿದೆ. ಮನರಂಜನೆಗೆ ಒದಗುವ ಸೌಲಭ್ಯ ನಮ್ಮ ಇತಿಹಾಸಕ್ಕೂ ಒದಗಲಿ.

ರೋಪ್‌ವೇ ಜೊತೆಗೆ ಇನ್ನೊಂದು ಸಲಹೆಯೂ ಇದೆ. ನೆರೆಯ ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪೈಲಟ್‌ರಹಿತ ವಿಮಾನಗಳನ್ನು ಪರೀಕ್ಷಿಸುತ್ತದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಇವುಗಳಿಗಾಗಿ ಅಮೃತಮಹಲ್ ಕಾವಲು (ಹುಲ್ಲುಗಾವಲು) ಬಿಟ್ಟುಕೊಟ್ಟ ಈ ಸೀಮೆಯ ಜನರಿಗೆ ವಿಜ್ಞಾನದ ಫಲ ಸಿಗಬೇಕು. ಮೂರೂ ಶಾಸನ ತಾಣಗಳನ್ನು ಬೆಸೆಯುವ ಚಾಲಕರಹಿತ ಬ್ಯಾಟರಿ ವಾಹನವನ್ನು ಇಲ್ಲಿಯೇ ಪ್ರಯೋಗಿಸಬಹುದು.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ನಿರ್ಮಾಣಕ್ಕೆ ಕಾನೂನಿನ ನಿಷೇಧವಿದೆ. ಆದ್ದರಿಂದ ರೋಪ್‌ವೇಯ ಗೋಪುರ, ನಿಲ್ದಾಣಗಳನ್ನು ದೂರದಲ್ಲೇ ಕಟ್ಟಬೇಕು. ಟಿಕೆಟ್ ದರ ಕೂಲಿಕಾರರ ಕೈಗೆಟುಕುವಂತಿರಬೇಕು, ಕೆಲಸಗಳಲ್ಲಿ ಸ್ಥಳೀಯ ಯುವಕ ಯುವತಿಯರಿಗೆ ಆದ್ಯತೆ ಸಿಗಬೇಕು. ಪ್ರವಾಸೋದ್ಯಮ ಇಲಾಖೆ ಕೂಡಲೇ ಕಾರ್ಯಸಾಧ್ಯತೆಯ ಸಮೀಕ್ಷೆ ನಡೆಸಲಿ.

– ಓದುಗ, ಮೊಳಕಾಲ್ಮುರು