ಮಳೆ ನಿಂತ ಮೇಲಿನ ಬಿತ್ತನೆ

ಬಿತ್ತೋದು ಅಂದ್ರೆ ಜೂನ್, ಮೊದಲ ಮಳೆ ಅಂತ ನನ್ನ ಆಫೀಸಿನ ಗೆಳತಿಯರು ತಿಳಿದಿದ್ದಾರೆ. ಯಾದಗಿರಿ ಹತ್ತಿರದ ನಮ್ಮ ರಾಮಸಮುದ್ರದಲ್ಲಿ ಇನ್ನೊಂದು ಬಿತ್ತನೆ ಇದೆ. ಹಸ್ತ, ಚಿತ್ತಾ ಮಳೆ ಹೊತ್ತಿಗೆ, ಅಂದ್ರೆ ಅಕ್ಟೋಬರ್‌ನಲ್ಲಿ, ಎರಿ ಹೊಲಕ್ಕೆ ಕಡಲೆ ಬೀಳುತ್ತದೆ. ಬಿಳಿಜೋಳ ಅದಕ್ಕಿಂತ ಸ್ವಲ್ಪ ಮೊದಲು. ಹಿಂಗಾರಿ ಅಂತೀವಲ್ಲ, ಅದೇ. ಈ ವರ್ಷ ಬಿತ್ತಿದ್ದು ಕೈಗೆ ಬರೋದು ಮುಂದಿನ ವರ್ಷ.

ಬಿತ್ತಿದ ಮೇಲೆ ಮಳೆ ಬರುತ್ತದೆಂದು ಯಾರೂ ನಂಬಿ ಕೂರೋದಿಲ್ಲ. ಮಳೆಗಾಲದ ನೀರನ್ನು ಎರಿಮಣ್ಣು ಹಿಡಿದಿಟ್ಟುಕೊಂಡಿರುತ್ತದೆ. ಬೇರು ಆ ಹಸಿಯನ್ನು ಹುಡುಕುತ್ತಾ ಕೆಳಗಿಳಿಯುತ್ತದೆ. ತಡ ಮಾಡಿದರೆ ಮೇಲಿನ ಮಣ್ಣು ಒಣಗಿ ಬೀಜ ಮೊಳೆಯೋದೇ ಕಷ್ಟ. ಮೊಳೆತರೂ ಕಾಯಿ ಕಟ್ಟುವಾಗ ಬಿಸಿಲು ಏರಿರುತ್ತದೆ. "ನೆಲದಾಗ ಹಸಿ ಅದ ನೋಡವ್ವಾ, ಈಗ ಬಿತ್ತಿದ್ರ ಬಿತ್ತಿದಂಗ" ಅಂತ ಅವ್ವ ಫೋನ್ ಮಾಡೋದು ಅದಕ್ಕೇ.

ಕಡಲೆಗೆ ತಿಂಗಳು ತುಂಬಿದ ಮೇಲೆ ಕುಡಿ ಚಿವುಟುತ್ತಾರೆ. ಗಿಡ ಕವಲೊಡೆದು ಹರಡುತ್ತದೆ, ಮನೆಗೆ ಪಲ್ಯನೂ ಆಗುತ್ತದೆ. ಹೊಲದ ಅಂಚಿಗೆ ಮುಳ್ಳಿನ ಕುಸುಬೆ ಹಾಕಿದರೆ ದನ ಒಳಗೆ ಬರೋದಿಲ್ಲ. ಅವ್ವ ಒಂದು ಮೂಲೆಯಲ್ಲಿ ಮೆಂತ್ಯ, ಸಬ್ಬಸಿಗೆ ಉಗ್ಗುತ್ತಾಳೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೋದಾಗ ಸಜ್ಜಿ ರೊಟ್ಟಿ ಜೊತೆ ತಿನ್ನೋ ಸೊಪ್ಪು ಅಲ್ಲೇ ಕಾಲ ಬುಡದಲ್ಲಿರುತ್ತದೆ.

ಈಗ ಮನೆಯಲ್ಲಿ ಚರ್ಚೆ ನಡೆದಿರೋದು ಈ ಹೊಲದ್ದೇ. ಅವ್ವನಿಗೆ ಮೊಣಕಾಲು ನೋವು, ಅಪ್ಪ ಇಲ್ಲ. ಪೂರ್ತಿ ಹೊಲ ಲಾವಣಿಗೆ ಕೊಟ್ಟುಬಿಡು ಅಂತಾರೆ ಕಾಕಾ. ತಪ್ಪೇನಿಲ್ಲ, ರೊಕ್ಕ ಖಾತ್ರಿ. ಆದರೆ ಲಾವಣಿ ಕೇಳಿದವರು ಹಾಕೋದು ಹತ್ತಿ. ಮುಂಗಾರಿಗೆ ಬಿತ್ತಿದ ಹತ್ತಿ ಜನವರಿವರೆಗೂ ಹೊಲದಲ್ಲೇ ನಿಂತಿರುತ್ತದೆ. ಅಲ್ಲಿಗೆ ನಮ್ಮ ಹಿಂಗಾರಿ ಮುಗಿಯಿತು. ಕಡಲೆಬೇಳೆ ಬೆಂಗಳೂರಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಯಾವ ವಾರ ಬಿತ್ತಬೇಕು ಅಂತ ಮಣ್ಣು ಹಿಡಿದು ಹೇಳೋ ಅವ್ವನ ಕೈ ಎಲ್ಲಿ ಸಿಗಬೇಕು?

ಒಂದು ಎಕರೆ ಬಿಟ್ಟು ಉಳಿದದ್ದನ್ನು ಕೊಡೋಣ ಅಂತ ಮಾತಾಗಿದೆ. ಆ ಎಕರೆಗೆ ಬಿತ್ತೋ ವಾರ ನಾನು ಊರಲ್ಲಿರಬೇಕು, ಅದು ಅವ್ವನ ಷರತ್ತು. ಹಬ್ಬಕ್ಕೆ ಬಂದು ಫೋಟೋ ತೆಗೆದು ಹೋದರೆ ನಡೆಯೋದಿಲ್ಲ.

ಹೊಲ ಇಲ್ಲದವರಿಗೆ ಬಾಲ್ಕನಿ ಇದೆ. ಅಕ್ಟೋಬರ್-ನವೆಂಬರ್‌ನಲ್ಲಿ ಬೆಳ್ಳುಳ್ಳಿ ಎಸಳನ್ನು ಚೂಪು ತುದಿ ಮೇಲೆ ಮಾಡಿ ಒಂದು ಇಂಚು ಆಳಕ್ಕೆ ಊರಿ. ಯುರೋಪಿನ ಚಳಿ ದೇಶಗಳಲ್ಲೂ ಇದೇ ದಿನಗಳಲ್ಲಿ ಊರುತ್ತಾರೆ. ಅಲ್ಲಿ ಅದು ಹಿಮದಡಿ ಚಳಿಗಾಲ ಕಳೆದು ಬೇಸಿಗೆಗೆ ಗಡ್ಡೆಯಾಗುತ್ತದೆ. ಬೆಂಗಳೂರಿನ ಕುಂಡದಲ್ಲಿ ಗಡ್ಡೆ ಸಣ್ಣದಾದರೂ ಹಸಿರು ಎಲೆ ಚಟ್ನಿಗೆ ಸಾಕಷ್ಟು ಸಿಗುತ್ತದೆ. ಪಕ್ಕದ ಕುಂಡಕ್ಕೆ ಮೆಂತ್ಯ ಉಗ್ಗಿ, ತಿಂಗಳೊಳಗೆ ಸೊಪ್ಪು.

ನಾನಂತೂ ಅಕ್ಟೋಬರ್ ರಜೆಗೆ ಈಗಲೇ ಅರ್ಜಿ ಹಾಕಿದ್ದೇನೆ. ಕಾರಣದ ಜಾಗದಲ್ಲಿ "ಕಡಲೆ ಬಿತ್ತನೆ" ಅಂತಲೇ ಬರೆದಿದ್ದೇನೆ.