ಬೆವರಿನ ಲೆಕ್ಕ ಯಾರ ಖಾತೆಗೆ?

ಹೊರಗೆ ಹಿಮ ಸುರಿಯಲಿ, ಮರಳು ಕಾಯಲಿ, ಮನುಷ್ಯನ ಒಡಲಿನ ಶಾಖ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರಬೇಕು. ರಕ್ತದ ಉಪ್ಪು, ಸಕ್ಕರೆ, ಆಮ್ಲತೆಗಳ ವಿಷಯದಲ್ಲೂ ದೇಹದ್ದು ಇದೇ ಹಟ. ಈ ಸ್ಥಿರತೆಗೆ 1926ರಲ್ಲಿ ‘ಹೋಮಿಯೋಸ್ಟಾಸಿಸ್’ ಎಂದು ಹೆಸರಿಟ್ಟ ಹಾರ್ವರ್ಡಿನ ವಾಲ್ಟರ್ ಕ್ಯಾನನ್, 1932ರ ತಮ್ಮ ಪುಸ್ತಕಕ್ಕೆ ‘ದೇಹದ ವಿವೇಕ’ ಎಂಬರ್ಥದ ಶೀರ್ಷಿಕೆ ಕೊಟ್ಟರು. ಮಾತೇನೋ ಸೊಗಸಾಗಿದೆ, ಮಾಲೀಕರಿಗೆ ಅನುಕೂಲಕರವೂ ಆಗಿದೆ. ದೇಹವೇ ಎಲ್ಲವನ್ನೂ ನೋಡಿಕೊಳ್ಳುವುದಾದರೆ ಉಳಿದವರಿಗೆ ಹೊಣೆ ಏನಿದೆ?

ವಾಸ್ತವದಲ್ಲಿ ದೇಹ ಈ ಸ್ಥಿರತೆಗೆ ಬೆಲೆ ತೆರುತ್ತದೆ. ಸಿಮೆಂಟಿನ ಮೂಟೆ ಹೊರುವ ಸ್ನಾಯು ಬಳಸುವ ಶಕ್ತಿಯ ಬಹುಪಾಲು ಬಿಸಿಯಾಗಿಯೇ ಹೊರಬೀಳುತ್ತದೆ. ಗಾಳಿ ಚರ್ಮಕ್ಕಿಂತ ಬಿಸಿಯಾಗಿರುವಾಗ ಅದನ್ನು ಕಳೆಯಲು ಉಳಿಯುವ ದಾರಿ ಬೆವರೊಂದೇ. ಮಿದುಳಿನ ಹೈಪೋಥಲಾಮಸ್‌ನ ಆಜ್ಞೆಯಂತೆ ರಕ್ತ ಚರ್ಮದತ್ತ ಹರಿಯುತ್ತದೆ. ಗ್ರಂಥಿಗಳು ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರನ್ನು ಹೊರಚೆಲ್ಲಬಲ್ಲವು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ‘ಆವಿಯಾದರೆ’ ಎಂಬುದನ್ನು ಗಮನಿಸಿ. ಕೊಲ್ಲಿಯ ಕರಾವಳಿ ನಗರಗಳ ಆಗಸ್ಟ್ ತಿಂಗಳ ತೇವದಲ್ಲಿ ಬೆವರು ಆರುವುದಿಲ್ಲ, ಬರಿದೆ ತೊಟ್ಟಿಕ್ಕುತ್ತದೆ: ನೀರೂ ಹೋಯಿತು, ತಂಪೂ ಬರಲಿಲ್ಲ. ನೀರು ತಗ್ಗಿದ ರಕ್ತವನ್ನು ತಳ್ಳಲು ಹೃದಯ ಹೆಚ್ಚು ಬಡಿಯಬೇಕು. ಮೂತ್ರಪಿಂಡಗಳ ಪಾಲಿನ ರಕ್ತ ಕಡಿಮೆಯಾಗುತ್ತದೆ. ನಿಕರಾಗುವಾದ ಕಬ್ಬು ಕಡಿಯುವ ಯುವಕರಲ್ಲೂ, ಕೊಲ್ಲಿಯಿಂದ ಊರಿಗೆ ಮರಳಿದ ನೇಪಾಳಿ ಕಾರ್ಮಿಕರಲ್ಲೂ ವೈದ್ಯರು ಕಂಡ ಮೂತ್ರಪಿಂಡ ಕಾಯಿಲೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಕತಾರ್ 2021ರಲ್ಲಿ ಬೇಸಿಗೆಯ ನಡುಹಗಲಿನ ಬಯಲು ಕೆಲಸದ ನಿಷೇಧವನ್ನು ವಿಸ್ತರಿಸಿತು; ಜೊತೆಗೆ ಶಾಖ, ತೇವ, ಬಿಸಿಲು, ಗಾಳಿಗಳನ್ನು ಒಟ್ಟಾಗಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕೆಂದಿತು. ಬರಿಯ ಗಡಿಯಾರ ನೋಡಿ ಕೊಡುವ ವಿರಾಮಕ್ಕಿಂತ ಇದು ಮೇಲು. ಸಂಜೆ ಏಳರ ತೇವವನ್ನು ಗಡಿಯಾರ ಅರಿಯದು. ಕೊಲ್ಲಿಯತ್ತ ಮಾತ್ರ ಬೆರಳು ತೋರಿಸುವ ಅಮೆರಿಕದ ಕನ್ನಡಿಗರಿಗೆ ಒಂದು ನೆನಪು: ಆಸ್ಟಿನ್, ಡಲ್ಲಾಸ್ ನಗರಗಳು ಕಟ್ಟಡ ಕಾರ್ಮಿಕರಿಗೆ ಕೊಟ್ಟಿದ್ದ, ನಾಲ್ಕು ಗಂಟೆಗೆ ಹತ್ತು ನಿಮಿಷದ ವಿರಾಮದ ಹಕ್ಕನ್ನು ಅಳಿಸುವ ಶಾಸನವನ್ನು ಟೆಕ್ಸಾಸ್ 2023ರಲ್ಲಿ ಮಾಡಿತು. ಮರುವರ್ಷ ಫ್ಲಾರಿಡಾ ಸ್ಥಳೀಯ ಸಂಸ್ಥೆಗಳು ಇಂಥ ನಿಯಮ ಮಾಡುವುದನ್ನೇ ತಡೆಯಿತು.

ಹೊಸದಾಗಿ ಬಂದಿಳಿದವನ ದೇಹ ಬಿಸಿಗೆ ಒಗ್ಗಲು ಒಂದೆರಡು ವಾರ ಬೇಕು. ಸಾಲ ಮಾಡಿ ವೀಸಾ ಪಡೆದವನಿಗೆ ಆ ವಾರಗಳನ್ನು ಯಾರು ಕೊಡುತ್ತಾರೆ? ವಿರಾಮಕ್ಕೆ ಕೂಲಿ ಕಡಿತವಾಗುವಲ್ಲಿ ನೆರಳಿದ್ದರೂ ಯಾರೂ ಕೂರುವುದಿಲ್ಲ. ಕ್ಯಾನನ್ ಕೂಡ ಮಹಾ ಆರ್ಥಿಕ ಕುಸಿತದ ನಡುವೆ ಬಂದ ಆ ಪುಸ್ತಕದ ಕೊನೆಯಲ್ಲಿ, ಸಮಾಜಕ್ಕೂ ಇಂಥ ಸ್ಥಿರತೆಯ ವ್ಯವಸ್ಥೆ ಬೇಡವೇ ಎಂದು ಚರ್ಚಿಸಿದ್ದರು; ಪುಸ್ತಕವನ್ನು ಹೊಗಳುವವರು ಆ ಪುಟಗಳನ್ನು ಹಾರಿಸುವುದೇ ಹೆಚ್ಚು.

ಕೊಲ್ಲಿಯ ಕಟ್ಟಡ ನಿವೇಶನಗಳಲ್ಲಿ ಕನ್ನಡಿಗರು ಕೂಲಿಗಳಾಗಿಯೂ ಇದ್ದಾರೆ, ಇಂಜಿನಿಯರ್, ಮೇಲ್ವಿಚಾರಕ, ಗುತ್ತಿಗೆದಾರರಾಗಿಯೂ ಇದ್ದಾರೆ. ಕೂಲಿ ಸಹಿತ ವಿರಾಮ, ಕೈಗೆಟಕುವ ತಣ್ಣನೆಯ ನೀರು, ಹೊಸಬರಿಗೆ ಮೊದಲ ಎರಡು ವಾರ ಹಗುರ ಪಾಳಿ: ಈ ಮೂರಕ್ಕೂ ಸಹಿ ಹಾಕುವ ಅಧಿಕಾರವುಳ್ಳವರು ನಮ್ಮ ಸಂಘಗಳ ರಾಜ್ಯೋತ್ಸವದ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಶಾಲು ಹೊದಿಸುವ ಮುನ್ನ ಅವರನ್ನು ಕೇಳೋಣ.